ಹಸನು ಮಾಡಿದ ಕಲ್ಲು

ಚೇಳೂರು
13-2-1979

ನಮ್ಮ ಮನೆಯವರಿಗೆ ಕರಿಬಸಮ್ಮ ಮಾಡುವ ನಮಸ್ಕಾರಗಳು.

ಕುಣಿಗಲ್ಲಿನಲ್ಲಿ ನಿಮ್ಮ ಅಕ್ಕನ ಮನೆಯಲ್ಲಿ ಆರೋಗ್ಯವಾಗಿದ್ದೀರಾ? ಕೆಮ್ಮು ನಿಂತಿತೇ? ಇಲ್ಲಿ ಅತ್ತೆಯವರು, ಮಗು ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ. ನನಗೆ ಬಹಳ ಸಿಟ್ಟು ಬಂದಿದೆ. ನೀವು ಎದುರಿಗಿದ್ದರೆ ನನ್ನ ಬಾಯಿ ಏಳುವುದಿಲ್ಲ. ಅದಕ್ಕೇ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಪೂರ್ತಿ ಓದಿ.

ನೀವು ಒಂದು ಮಾತೂ ಹೇಳದೆ ಬಸ್ಸು ಹತ್ತಿದಿರಿ. ಚಿನ್ನ ಹುಡುಕುವ ಕ್ಯಾಂಪಿನ ಮೇಸ್ತ್ರಿ ವೆಂಕಟರಂಗಯ್ಯ ಟೀ ಅಂಗಡಿಯಲ್ಲಿ ಕುಳಿತು, "ಹೆಂಡ್ತಿ ಮೂಗುಬೊಟ್ಟು ಉಜ್ಜಿ ಕಲ್ಲಿನ ಚೀಲಕ್ಕೆ ಪುಡಿ ಬೆರೆಸವ್ನೆ ಕಣ್ರಲಾ, ಅದಕ್ಕೇ ಓಡೋದ" ಎಂದನಂತೆ. ಎರಡೂ ಚೀಲದ ಕಲ್ಲನ್ನು ಗುಡ್ಡದ ಒಂದೇ ಗುಂಡಿಯಲ್ಲಿ ನೀವೇ ಕಡಿದಿರಿ. ನಮ್ಮ ಮನೆಯಲ್ಲೇ ಕುಟ್ಟಿ ಪರೀಕ್ಷೆಗೆ ಕಳಿಸಿದ ಮೊದಲ ಚೀಲದಲ್ಲಿ ಚಿನ್ನ ಹೇರಳ. ಮೇಸ್ತ್ರಿಯೇ ಎದುರು ನಿಂತು ಕುಟ್ಟಿಸಿದ ಎರಡನೆಯದರಲ್ಲಿ ಅದರ ಕಾಲುಭಾಗವೂ ಇಲ್ಲ. ಅಷ್ಟಕ್ಕೇ ನೀವು ಕಳ್ಳರಾದಿರಿ! ಬಾವಿಗೆ ಹೋದರೆ ಹೆಂಗಸರು ನನ್ನ ಮೂಗನ್ನೇ ನೋಡುತ್ತಾರೆ. "ಬೊಟ್ಟು ಸವ್ದಂಗೈತಲ್ಲೇ ಕರಿಬಸಿ?" ಎಂದು ಚೌಡಪ್ಪನ ಹೆಂಡತಿ ಕೇಳಿದಳು. ಬಿಂದಿಗೆಯನ್ನು ಅವಳ ಕಾಲ ಮೇಲೆ ಹಾಕೋಣ ಅನ್ನಿಸಿತು. ತಲೆ ತಗ್ಗಿಸಿ ಬಂದೆ. ತಪ್ಪು ಮಾಡದವರು ಯಾಕೆ ಓಡಬೇಕಿತ್ತು?

ಕಲ್ಲು ಪರೀಕ್ಷೆ ಮಾಡಿಸುವ ಕ್ಯಾಂಪಿನ ಚಿಕ್ಕ ಸಾಹೇಬರು ನಮ್ಮ ಬಾಗಿಲಿಗೇ ಬಂದಿದ್ದರು. "ಚಿನ್ನ ಕಲ್ಲಲ್ಲಿ ಒಂದೇ ಸಮ ಇರಲ್ಲಮ್ಮ. ಎರಡು ಚೀಲ ನೋಡಿ ಗುಡ್ಡದಲ್ಲಿ ಎಷ್ಟಿದೆ ಅಂತ ಹೇಳಕ್ಕಾಗಲ್ಲ, ಒಬ್ಬನ್ನ ಕಳ್ಳ ಅನ್ನಕ್ಕೂ ಆಗಲ್ಲ. ಅದೇ ಗುಂಡೀಲಿ ಇನ್ನಷ್ಟು ಕಡಿಸ್ತೀನಿ" ಎಂದರು. ಸೋಮವಾರ ಕೆಲಸ ಶುರು. ನಿಮ್ಮ ಉಳಿ, ಸುತ್ತಿಗೆ ಇಲ್ಲೇ ಮೂಲೆಯಲ್ಲಿ ಬಿದ್ದಿವೆ.

ಅಕ್ಕ, ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮಗು ಬಸ್ಸಿನ ಸದ್ದು ಕೇಳಿದರೆ ಬಾಗಿಲಿಗೆ ಓಡುತ್ತದೆ.

ಇಂತಿ ನಿಮ್ಮ,
ಕರಿಬಸಮ್ಮ

ಕಾಗದ ಅಂಟಿಸುವ ಮೊದಲು ಇದನ್ನೂ ಬರೆಯಲೇಬೇಕು. ಬೆಳಿಗ್ಗೆ ಅತ್ತೆ ರಾಗಿ ಕೇರುತ್ತಾ, "ನನ್ ಮಗನ್ ಮೊದಲನೇ ಚೀಲಾನೂ ಕುಟ್ಟಿ ಹಿಂಗೇ ಹಸನು ಮಾಡ್ಕೊಟ್ಟೆ ಕಣೇ. ಸಾಹೇಬ್ರಿಗೆ ಧೂಳು ಕಳ್ಸಕ್ಕಾಯ್ತದಾ?" ಎಂದರು. ಆಗ ನನಗೆ ಹೊಳೆಯಿತು. ಕಲ್ಲಿನ ಹುಡಿಯೆಲ್ಲ ಹಾರಿಹೋಗಿ ಭಾರದ ಚಿನ್ನ ಮೊರದಲ್ಲೇ ನಿಂತಿದೆ. ಅದಕ್ಕೇ ಆ ಚೀಲದಲ್ಲಿ ಅಷ್ಟು ಕಂಡದ್ದು! ನಾನು ಹೇಳಿದರೆ ಸೊಸೆ ತಪ್ಪನ್ನು ಅತ್ತೆಯ ತಲೆಗೆ ಕಟ್ಟಿದಳು ಎನ್ನುತ್ತಾರೆ. ಸೋಮವಾರ ಅತ್ತೆ ಮಗನ ಮಾನ ಉಳಿಸಲು ತಾವೇ ಮತ್ತೆ ಕುಟ್ಟಲು ಹೋಗುತ್ತಾರಂತೆ. ಮೊರವನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಪಕ್ಕದ ಮನೆಯದನ್ನು ಕೇಳಿ ತಂದಿದ್ದಾರೆ. ಭಾನುವಾರದೊಳಗೆ ಬಂದು ನೀವೇ ಆ ಮೊರವನ್ನು ಅವರ ಕೈಯಿಂದ ತೆಗೆದುಕೊಳ್ಳಿ.