ಮೊದಲ ಕೋಣೆಯ ತಗಡಿನ ಹಿಂದೆ ಬರೆಯಿರಿ

ಫೆಬ್ರವರಿ ೨, ೨೧೯೧. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಖಾಸಗಿ ಬಾಹ್ಯಾಕಾಶ ನಿಲ್ದಾಣಗಳನ್ನು ಮೊಟ್ಟಮೊದಲು ಕಟ್ಟುತ್ತಿರುವ ಹಿರಿಯರಿಗೆ ಹಂಪವ್ವ ಬರೆಯುವುದು.

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಭೂಮಿಯ ಮೇಲಿರುವ ತಮ್ಮನ ಮೊಮ್ಮಗಳು ನೀಲವ್ವ ದಿನವೂ ಫೋನಿನಲ್ಲಿ ತಲೆ ತಿನ್ನುತ್ತಾಳೆ. "ಆಯಿ, ನಮ್ಮ ಮ್ಯಾಲೆ ಒದರಾಡಿ ಏನು ಬಂತು? ಕಟ್ಟಿದವರಿಗೇ ಬರಿ" ಎಂದಳು. "ಅವರು ಸತ್ತು ಮಣ್ಣಾಗ್ಯಾರಲ್ಲೇ" ಎಂದೆ. "ಹಂಗಾರ ಚಲೋನ ಆತು, ನಡುವ ಬಾಯಿ ಹಾಕಂಗಿಲ್ಲ" ಎಂದಳು. ತಲುಪಿಸುವ ದಾರಿ ತನಗೆ ಗೊತ್ತಂತೆ. ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ, ನಿಮ್ಮದೂ ನನಗೆ ಹಾಗೆಯೇ ಕೇಳಿಸುತ್ತಿತ್ತು.

ನೀವು ಕಟ್ಟುತ್ತಿರುವುದಕ್ಕೆ ಏನೇನೋ ದೊಡ್ಡ ಹೆಸರಿದ್ದೀತು. ನಾವು ಅದನ್ನು ಅಟ್ಟ ಎನ್ನುತ್ತೇವೆ. ದುಡ್ಡು ಕೊಟ್ಟು ಭೂಮಿ ನೋಡಲು ಬರುವವರು ಕಿಟಕಿಯವರು. ಗಾಳಿಯಲ್ಲಿ ತೇಲುವ ಅವರ ವಾಂತಿಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯುತ್ತಲೇ ನನ್ನ ತಲೆ ನರೆಯಿತು. ಗಾಳಿ ಎಳೆಯುವ ಜಾಳಿಗೆಗಳನ್ನು ತೊಳೆಯುವವಳೂ ನಾನೇ. ಇಲ್ಲಿ ಏನು ಕಳೆದರೂ ಕೊನೆಗೆ ಅಲ್ಲಿಗೇ ಬರುತ್ತದೆ. ಗುಂಡಿ, ಮೂಗುತಿ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಈಗ ಸಿಗುವುದು ನನ್ನದೇ ಬಿಳಿ ಕೂದಲು, ಬೇರೇನೂ ಇಲ್ಲ.

ಇಲ್ಲಿ ಸೂರ್ಯ ದಿನಕ್ಕೆ ಹದಿನಾರು ಸಲ ಹುಟ್ಟುತ್ತಾನೆ. ಅವನನ್ನು ನಂಬಿ ಏಳುವಂತಿಲ್ಲ. ಗಡಿಯಾರ ನೋಡಿ ಎದ್ದು, ಚಮಚದಿಂದ ಗೋಡೆಯ ಕೊಳವೆಗೆ ಕುಟ್ಟಬೇಕು. ಪಕ್ಕದವರು ತಿರುಗಿ ಕುಟ್ಟಬೇಕು. ಕುಟ್ಟದಿದ್ದರೆ ಹೋಗಿ ಉಸಿರಿದೆಯೋ ಇಲ್ಲವೋ ನೋಡಬೇಕು. ನನ್ನ ಗೋಡೆಯಾಚೆ ಬೆಸುಗೆಯ ಮಾನಪ್ಪ ಇದ್ದ. "ಏ ಮುದುಕಿ, ಇನ್ನೂ ಅದೀಯೇನು?" ಎಂದು ಕೂಗಿ ಕುಟ್ಟುತ್ತಿದ್ದ. "ನಿನ್ನ ಕಳಿಸೇ ಹೋಗಾಕಿ ನಾ" ಎನ್ನುತ್ತಿದ್ದೆ.

ಆಮೇಲೆ ದೊಡ್ಡ ದೊಡ್ಡ ಕಿಟಕಿಯ ಹೊಸ ಅಟ್ಟಗಳು ಬಂದವು, ಕಿಟಕಿಯವರು ಅತ್ತ ಹೋದರು. ನಮ್ಮ ಕಂಪನಿ ಇದನ್ನು ಖಾಲಿ ಮಾಡಿ ಸಮುದ್ರಕ್ಕೆ ಬೀಳಿಸುತ್ತದಂತೆ. ಭೂಮಿಗೆ ಹೋಗಿಬರುವ ನೌಕೆಯನ್ನು ನಾವು ದೋಣಿ ಎನ್ನುತ್ತೇವೆ. ಅದು ಬಂದಾಗಲೆಲ್ಲ ಒಂದಷ್ಟು ಜನ ಕೆಳಗಿಳಿದರು. ಹೋಗುವವರು ಯಾರೂ ಹೇಳಿಹೋಗುವುದಿಲ್ಲ. ಇಲ್ಲಿ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಣ್ಣಿಗೇ ಅಂಟಿಕೊಂಡು ಉರಿಸುತ್ತದೆ. ಅದಕ್ಕೇ ಆ ಪದ್ಧತಿ.

ಹಿಂದಿನ ಸಲದ ದೋಣಿ ಹೊರಟ ಮರುದಿನ ಕುಟ್ಟಿದೆ. ಟಕ್, ಟಕ್ ಎಂದು ಉತ್ತರ ಬಂತು. ಮಾನಪ್ಪ ಹೋಗಿಲ್ಲ ಎಂದು ಎಷ್ಟು ಹಿಗ್ಗಿದೆನೋ! ಮಾತಿಲ್ಲ, ಮುನಿಸಿಕೊಂಡಿದ್ದಾನೆ ಎಂದುಕೊಂಡೆ. ಸಂಕ್ರಾಂತಿಯ ದಿನ ಹುಗ್ಗಿ ತುಂಬಿದ ಚೀಲ ಹಿಡಿದು ಅವನ ಬಾಗಿಲು ತೆರೆದೆ. ಹಾಸಿಗೆ ಮಡಚಿ ಗೋಡೆಗೆ ಕಟ್ಟಿತ್ತು. ನಾನು ನೋಡುತ್ತಿದ್ದಂತೆಯೇ ಗೋಡೆ ಟಕ್ ಎಂದಿತು. ಬಿಸಿಲು ತಾಗಿದರೆ ತಗಡು ಹಿಗ್ಗಿ ಹಾಗೆ ಸದ್ದು ಮಾಡುತ್ತದೆ. ಹೊಸಬರು ಅದನ್ನೇ ಕುಟ್ಟಿದ್ದೆಂದು ತಿಳಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು. ಹುಗ್ಗಿಯನ್ನು ಅಲ್ಲೇ ತೇಲಿಬಿಟ್ಟು ಬಂದೆ.

ಮಾರ್ಚ್ ಇಪ್ಪತ್ತಕ್ಕೆ ನನ್ನ ಸಲುವಾಗಿ ಕೊನೆಯ ದೋಣಿ ಬರುತ್ತದೆ. ನನ್ನ ಮೂಳೆಗಳು ಸವೆದಿವೆ, ಕೆಳಗೆ ನಿಲ್ಲಲಾರೆ, ಸಾಯುವತನಕ ಮಂಚವೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ಕಂಪನಿಯವರನ್ನು ಕೇಳಿದರೆ, ಅಟ್ಟದಲ್ಲಿ ಅತಿಥಿಗಳಿರುತ್ತಾರೆ, ಸಿಬ್ಬಂದಿ ಇರುತ್ತಾರೆ, ಮನೆ ಮಾಡಿಕೊಂಡವರು ಎಂಬುದು ಮೊದಲಿನಿಂದಲೂ ಇಲ್ಲ ಎನ್ನುತ್ತಾರೆ. ಮೊದಲಿನಿಂದ ಎಂದರೆ ನಿಮ್ಮಿಂದ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಕಟ್ಟುವಾಗ, ಇಲ್ಲಿ ಯಾರಾದರೂ ಮುದುಕರಾಗುತ್ತಾರೆ ಎಂದು ನಿಮ್ಮಲ್ಲಿ ಒಬ್ಬರಿಗಾದರೂ ಹೊಳೆದಿತ್ತೇ? ಹೊಳೆದಿತ್ತು ಎಂದರೆ ನಾನು ಇಲ್ಲೇ ಕೂರುತ್ತೇನೆ, ಅದ್ಯಾರು ಎತ್ತಿಕೊಂಡು ಹೋಗುತ್ತಾರೋ ನೋಡುತ್ತೇನೆ. ಇಲ್ಲ ಎಂದರೆ ಬಾಯಿ ಮುಚ್ಚಿಕೊಂಡು ದೋಣಿ ಹತ್ತುತ್ತೇನೆ.

ನಾನು ಮಲಗುವುದು ನಿಮ್ಮ ಕಾಲದಲ್ಲಿ ಕಟ್ಟಿದ ಮೊದಲ ಕೋಣೆಯಲ್ಲಿ. ಕಿಟಕಿಯ ಕೆಳಗಿನ ಬಿಳಿ ತಗಡಿನ ಹಿಂಬದಿಗೆ ಉತ್ತರ ಬರೆದು ಸ್ಕ್ರೂ ಬಿಗಿಯಿರಿ. ನೀವು ಬರೆದಿದ್ದರೆ ಅದು ಈಗಾಗಲೇ ಅಲ್ಲಿದೆ. ಸ್ಕ್ರೂಡ್ರೈವರ್ ನನ್ನ ಸೊಂಟದಲ್ಲೇ ಇದೆ. ಇವತ್ತೇ ಬಿಚ್ಚಬಹುದಿತ್ತು, ಬಿಚ್ಚಿಲ್ಲ. ಆ ತಗಡೂ ಬಿಸಿಲಿಗೆ ಟಕ್ ಎನ್ನುತ್ತದೆ. ಈಗ ನಾನು ತಿರುಗಿ ಕುಟ್ಟುವುದಿಲ್ಲ.

ಉದ್ದ ಬರೆಯಬೇಡಿ. ಹೌದು, ಇಲ್ಲ, ಎರಡರಲ್ಲಿ ಒಂದು. ಮಾರ್ಚ್ ಹತ್ತೊಂಬತ್ತಕ್ಕೆ ತಗಡು ಬಿಚ್ಚುತ್ತೇನೆ. ಅಷ್ಟರೊಳಗೆ ಉತ್ತರ ಅಲ್ಲಿರಬೇಕು.