ತಾನಾಗೇ ಹೋದವಳು

ಯಾದಗಿರಿ
ರವಿವಾರ

ಸಂಜೀವಾ,

ಕ್ಷೇಮ ಕೇಳುವುದನ್ನು ಬಿಟ್ಟು ನೇರವಾಗಿ ಬರೆಯುತ್ತೇನೆ. ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, "ಅಕ್ಕಾ, ಶಹಾಪುರದವರು ಕೇಳಿದ್ರ ಭುವನೇಶ್ವರಿ ತಾನಾಗೇ ಹೋದ್ಳು ಅಂತ ಹೇಳು. ನೀ ಡಾಕ್ಟರೇಟ್ ಮಾಡಿದಾಕಿ, ನಿನ್ನ ಮಾತು ನಂಬತಾರ" ಅಂತ. ಭಲೆ ತಮ್ಮ. ಹೆಂಡತಿ ತವರು ಸೇರಿ ವರ್ಷ ತುಂಬಿಲ್ಲ, ಆಗಲೇ ಶಹಾಪುರದ ಪರಿಮಳಾಳನ್ನು ನೋಡಿ ಒಪ್ಪಿ ಬಂದಿದ್ದೀ.

ಆ "ತಾನಾಗೇ" ಎಂಬ ಶಬ್ದದ ಮೇಲೆಯೇ ನಾನು ಪಿಎಚ್.ಡಿ. ಮಾಡಿದ್ದು. ನಿನಗದು ಗೊತ್ತಿಲ್ಲ. "ನಮ್ಮಕ್ಕ ಮೋಟಾರ್ ಮ್ಯಾಲೆ ಓದ್ಯಾಳ, ಆದ್ರ ಬಾವಿ ಮೋಟಾರ್ ಸುಟ್ರ ನೋಡಾಕ ಬರಂಗಿಲ್ಲ" ಎಂದು ನಮ್ಮೂರು ಸುರಪುರದ ತುಂಬ ನಗಿಸುತ್ತ ತಿರುಗಿದವನು ನೀನು. ಈಗ ಕೇಳು. ನಮ್ಮ ಜೀವಕೋಶದೊಳಗೆ ಸಣ್ಣ ಎಳೆಗಳಿವೆ. ಕಣ್ಣಿಗೆ ಕಾಣದ ಮೋಟಾರುಗಳು ಅವುಗಳ ಮೇಲೆ ನಡೆಯುತ್ತ ಚೂರು ಚೂರೇ ಜಗ್ಗುತ್ತವೆ. ಯಜಮಾನನಿಲ್ಲ, ಹುಕುಂ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಒಂದೇ ಕಡೆ ಮುಖ ಮಾಡಿದ ಎಳೆಗಳೆಲ್ಲ ಒಟ್ಟಾಗುತ್ತವೆ. ಎದುರು ಮುಖದ ಎಳೆ ಜಾರಿ ಜಾರಿ ಅಂಚಿಗೆ ಬೀಳುತ್ತದೆ. ನೋಡುವವರಿಗೆ ಅದು ತಾನಾಗೇ ಹೋದಂತೆ ಕಾಣುತ್ತದೆ. ನನ್ನ ಗಣಿತ ಲೆಕ್ಕ ಹಾಕುವುದು ಆ ಜಗ್ಗಾಟವನ್ನೇ.

ನಮ್ಮ ಮನೆಯದೂ ಅದೇ ಕಥೆ. ಮಕ್ಕಳಾಗಲಿಲ್ಲ ಎಂದು ಭುವನೇಶ್ವರಿಯನ್ನು ಯಾರೂ ಬೈಯಲಿಲ್ಲ. ಬಸುರಿ ತಂಗಿಯ ಕುಬಸದ ದಿನ ಅವ್ವ ಮೆಲ್ಲಗೆ, "ಆಕಿ ಕೈಲೆ ಉಡಿ ತುಂಬಸಬ್ಯಾಡ್ರಿ" ಎಂದಳು. ಚಿಗವ್ವ ತನ್ನ ಮೊಮ್ಮಗನನ್ನು ಅವಳ ಕೈಯಿಂದ ತೆಗೆದುಕೊಂಡಳು. ನೀನು ನಿನ್ನ ಹಾಸಿಗೆಯನ್ನು ಪಡಸಾಲೆಗೆ ತಂದೆ. ಡಾಕ್ಟರು ನಿನ್ನನ್ನೂ ಪರೀಕ್ಷೆಗೆ ಕರೆದಾಗ "ನನಗೇನಾಗ್ಯಾದ" ಎಂದು ಬೈಕ್ ಹತ್ತಿ ಹೋದೆ. ಹೋದ ವಾರ ಅವಳ ತವರು ಹತ್ತಿಕುಣಿಯಲ್ಲಿ ಅವಳನ್ನು ಕಂಡೆ. "ಯಾರೂ ಹೊಡಿಲಿಲ್ಲ ಅಕ್ಕಾ. ಹೊಡದಿದ್ರ ಗಾಯನಾದ್ರೂ ತೋರಸ್ತಿದ್ದೆ" ಎಂದಳು. ಸಂಜೀವಾ, ಅವತ್ತು ನಿನ್ನ ಮೇಲೆ ನನಗೆ ಹೇಸಿಕೆ ಬಂತು.

ಇವತ್ತು ಶಹಾಪುರಕ್ಕೆ ಹೋಗಿದ್ದೆ. ಪರಿಮಳಾಳನ್ನೂ ಅವಳ ತಾಯಿಯನ್ನೂ ಕೂಡಿಸಿಕೊಂಡು ಎಲ್ಲ ಹೇಳಿದೆ, ನೀನು ಪರೀಕ್ಷೆಗೆ ಹೋಗದ್ದನ್ನೂ. ಪರಿಮಳಾ ಒಂದೇ ಮಾತು ಕೇಳಿದಳು: "ಆಕಿ ಬಸ್ ಹತ್ತಾಗ ಇವರು ಎಲ್ಲಿದ್ರು?" ಮನೆಯಲ್ಲಿ ಉಣ್ಣುತ್ತಿದ್ದ ಎಂದೆ. ಆ ಹುಡುಗಿ ಒಳಗೆ ಹೋಗಿ, ನೀನು ಕೊಟ್ಟಿದ್ದ ಸೀರೆ ತಂದು ನನ್ನ ಮುಂದಿಟ್ಟಳು. ಈ ಪತ್ರದ ಜೊತೆ ಅದನ್ನೂ ಕಳಿಸಿದ್ದೇನೆ. ಇನ್ನೊಂದು ಊರಲ್ಲಿ ಹೆಣ್ಣು ನೋಡಿದರೆ ಅಲ್ಲಿಗೂ ಹೋಗುತ್ತೇನೆ.

ನೂರು ವರ್ಷ ಬಾಳು, ತಮ್ಮಾ. ಒಬ್ಬನೇ.

ನಿನ್ನ ಒಡಹುಟ್ಟಿದ
ಅಂಜನಾ