ಬದಲಿರಾಜನಿಗೆ ಔಷಧಿ ವಿಮೆಯ ವರದಿ

ಸಭಿಕರೇ, ರಸಿಕ ಮಹಾಶಯರೇ, ಹಿಂದಿನ ಸಾಲಿಗೂ ಕೇಳಿಸುತ್ತಿದೆಯೇ? ಸಭೆಯಲ್ಲಿರುವುದು ನೀನೊಬ್ಬನೇ, ಬದಲಿರಾಜ; ನೀನೂ ತೀರಿಹೋದವನು. ಆದರೂ ವರದಿ ಒಪ್ಪಿಸುತ್ತೇನೆ.

ಇಂದು ವಯಸ್ಸಾದವರಿಗೆ ಔಷಧಿ ವಿಮೆ ಮಾಡಿಸುವ ಹುಡುಗಿ ಮನೆಗೆ ಬಂದಿದ್ದಳು. ನಾನು ನುಂಗುವುದು ಬಿಪಿಯ ಒಂದೇ ಮಾತ್ರೆ. ಕಂತು ಅದರ ಬೆಲೆಗಿಂತ ಹೆಚ್ಚು.

"ಕಾಯಿಲೆ ಬರದಿದ್ರೆ ಕಟ್ಟಿದ್ದು ವಾಪಸ್ ಬರುತ್ತೇನಮ್ಮ?"

"ಇಲ್ಲ ತಾತ. ಆದ್ರೆ ಕಾಯಿಲೆ ಬಂದ್ಮೇಲೆ ಸೇರ್ತೀನಿ ಅಂದ್ರೆ ಕಂತು ದುಪ್ಪಟ್ಟು."

"ಕಾಯಿಲೆ ಬಂದ್ರೂ ಇವರ ಗಂಟಲಿಗೆ ಹೆದರಿ ಓಡುತ್ತೆ ಬಿಡು," ಎಂದಳು ನನ್ನವಳು. "ಆದ್ರೂ ಮಾಡಿಸ್ರೀ."

ನಷ್ಟದ ಬಾಬ್ತು ಎಂದು ಹುಡುಗಿಯನ್ನು ಕಳಿಸಿಬಿಟ್ಟೆ. ಆಮೇಲೆ ನೀನು ನೆನಪಾದೆ. ನನಗೆ ಜ್ವರ ಬಂದರೆ ಇರಲಿ ಎಂದು ನಾಟಕ ಕಂಪನಿ ನಿನ್ನನ್ನು ಇಟ್ಟುಕೊಂಡಿತ್ತು. ಪ್ರತಿ ಆಟಕ್ಕೂ ನೀನು ನನ್ನ ರಾಜನ ಪಾತ್ರದ ಬಣ್ಣ ಹಚ್ಚಿಕೊಂಡು ಪರದೆಯ ಪಕ್ಕದಲ್ಲಿ ಕೂರುತ್ತಿದ್ದೆ. ಜ್ವರ ಬರಲೇ ಇಲ್ಲ. ಸಂಬಳ ದಂಡ ಎಂದು ಯಜಮಾನರು ನಿನ್ನನ್ನು ಬಿಡಿಸಿದ ದಿನ ನಾನು ಕನ್ನಡಿಯ ಮುಂದೆ ಮೀಸೆ ಅಂಟಿಸಿಕೊಳ್ಳುತ್ತಿದ್ದೆ. ನೀನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಅಲ್ಲಿಯವರೆಗೆ ರಂಗದ ಮೇಲೆ ನಿಶ್ಚಿಂತೆಯಿಂದ ಗರ್ಜಿಸಿದ ನಾನು, ಆಮೇಲೆ ಒಂದು ಸಣ್ಣ ಕೆಮ್ಮು ಬಂದರೂ ಪಕ್ಕಕ್ಕೆ ತಿರುಗಿ ನೋಡುತ್ತಿದ್ದೆ. ಅಲ್ಲಿ ಖಾಲಿ ಸ್ಟೂಲು ಇರುತ್ತಿತ್ತು.

ನಾಳೆ ಬೆಳಿಗ್ಗೆ ವಿಮೆ ಕಚೇರಿಗೆ ಹೋಗಿ ಮೊದಲ ಕಂತು ಕಟ್ಟುತ್ತೇನೆ. ಕಟ್ಟಿದ್ದೆಲ್ಲ ವ್ಯರ್ಥವಾಗಲಿ ಎಂದು ಹಾರೈಸಿಕೊಂಡೇ ಕಟ್ಟುತ್ತೇನೆ.